ಹಳೆಯ ವಿಡಿಯೋ ಕ್ಯಾಮೆರಾ ಕೆಟ್ಟಿದೆ, ಬದಲಿಗೆ ಏನು ತಗೊಳ್ಳಲಿ?

ತೀರ್ಥಹಳ್ಳಿ ಮನೆಯ ಮಿನಿ ಡಿವಿ (ಸಣ್ಣ ಟೇಪ್ ಕ್ಯಾಸೆಟ್ಟಿನ) ಕ್ಯಾಮೆರಾ ಕೆಟ್ಟಿದೆ, ಹೊಸದು ಯಾವುದು ಅಂತ ಕೇಳಿದ್ದೀರಿ. ಕ್ಯಾಮೆರಾ ಆಮೇಲೆ, ಮೊದಲು ಟೇಪು ನೋಡಿ. ಮಲೆನಾಡಿನ ಮಳೆಗಾಲದ ತೇವಕ್ಕೆ ಟೇಪಿಗೂ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ಕಿಂಡಿಯಲ್ಲಿ ಸುರುಳಿಯ ಅಂಚು ಹಿಟ್ಟು ಉದುರಿಸಿದ ಹಾಗೆ ಬೆಳ್ಳಗಿದ್ದರೆ ಯಾವ ಮೆಷಿನ್ನಿಗೂ ಹಾಕಬೇಡಿ. ಬೂಷ್ಟು ಟೇಪು ಓದುವ ಹೆಡ್ಡಿಗೆ ಮೆತ್ತಿ ಮುಂದಿನ ಟೇಪನ್ನೂ ಕೆಡಿಸುತ್ತದೆ. ನಮ್ಮಜ್ಜಿ ಮಾತಾಡಿದ್ದ ಟೇಪು ಹಾಗೇ ಹೋಯಿತು, ಇವತ್ತಿಗೂ ಸಂಕಟವಾಗುತ್ತದೆ.

ಚೆನ್ನಾಗಿರುವ ಟೇಪುಗಳನ್ನು ಫೈರ್‌ವೈರ್ ಕೇಬಲ್ ಮೂಲಕ ಕಂಪ್ಯೂಟರಿಗೆ ಇಳಿಸಿಕೊಡುವವರಿಗೆ ಕೊಡಿ. ಒಂದು ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. ಡಿವಿಡಿ ಸಾಲದು, ಮೂಲ ಫೈಲನ್ನೇ ಕೇಳಿ ತಗೊಳ್ಳಿ.

ಮಗುವಿನ ಆಟ, ಮನೆಯ ಹಬ್ಬ ಅಷ್ಟೇ ಆದರೆ ಈಗಿನ ಒಳ್ಳೆಯ ಫೋನು ಸಾಕು. ಸುಮ್ನೆ ದುಡ್ಡು ಹಾಕಬೇಡಿ. ಆದರೆ ರಾತ್ರಿಯಿಡೀ ಯಕ್ಷಗಾನವನ್ನು ಹಿಂದಿನ ಸಾಲಿನಿಂದ ತೆಗೆಯುವವರಾದರೆ ಆಪ್ಟಿಕಲ್ ಜೂಮ್ (ಲೆನ್ಸೇ ದೂರದ್ದನ್ನು ಹತ್ತಿರ ತೋರಿಸುವುದು) ಇರುವ ಕ್ಯಾಮ್‌ಕಾರ್ಡರೇ ಬೇಕು. ಡಿಜಿಟಲ್ ಜೂಮ್ ಚಿತ್ರವನ್ನು ಎಳೆದು ದೊಡ್ಡದು ಮಾಡುತ್ತದೆ ಅಷ್ಟೇ, ವೇಷದ ಮುಖವರ್ಣಿಕೆ ಕಲಸಿಹೋಗುತ್ತದೆ. ಜೊತೆಗೆ ಟ್ರೈಪಾಡ್ ಇರಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ.