ಸುಮ್ಮನಿದ್ದಾಗ ಮಿನುಗುವ ಸ್ಕ್ರೀನ್: ಓಎಸ್ ಮತ್ತೆ ಹಾಕುವ ಮೊದಲು

ನಿಮ್ಮ ಪ್ರಶ್ನೆ ಇದು: ಇಂಟೆಲ್ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್, ಅದರಲ್ಲಿ ಉಬುಂಟು ಎಂಬ ಲಿನಕ್ಸ್ ಓಎಸ್. ಏನೂ ಮಾಡದೆ ಓದುತ್ತಾ ಕೂತಾಗ ಆಗಾಗ ಸ್ಕ್ರೀನ್ ಮಿನುಗುತ್ತದೆ, ಅಡ್ಡಗೆರೆ ಬರುತ್ತದೆ, ಮೌಸ್ ಅಲ್ಲಾಡಿಸಿದರೆ ಮಾಯ. ಓಎಸ್ ಮತ್ತೆ ಹಾಕಿದರೂ ಹೋಗಿಲ್ಲ ಅಂದಿದ್ದೀರಿ. ದಯವಿಟ್ಟು ಇನ್ನೊಂದು ಸಲ ಹಾಕಬೇಡಿ. ಅದೇ ಕರ್ನಲ್ (ಓಎಸ್‌ನ ತಿರುಳು), ಅದೇ ಡ್ರೈವರ್ (ಗ್ರಾಫಿಕ್ಸ್ ಚಿಪ್ ನಡೆಸುವ ಸಾಫ್ಟ್‌ವೇರ್) ಬಂದರೆ ಅದೇ ಕಾಟ.

ಮೌಸ್ ಅಲ್ಲಾಡಿಸಿದರೆ ಹೋಗುತ್ತದೆ ಅಂದಿರಲ್ಲ, ಅದೇ ದೊಡ್ಡ ಸುಳಿವು. ನನ್ನ ಅನುಮಾನ ಪ್ಯಾನೆಲ್ ಸೆಲ್ಫ್ ರಿಫ್ರೆಶ್, ಅಂದರೆ ಪಿಎಸ್‌ಆರ್ ಮೇಲೆ. ಪರದೆಯಲ್ಲಿ ಏನೂ ಬದಲಾಗದಿದ್ದಾಗ ಬ್ಯಾಟರಿ ಉಳಿಸಲು ಜಿಪಿಯು (ಗ್ರಾಫಿಕ್ಸ್ ಚಿಪ್) ಪ್ಯಾನೆಲ್‌ಗೆ, ಅಂದರೆ ಪರದೆಯ ಫಲಕಕ್ಕೆ, ಚಿತ್ರ ಕಳಿಸುವುದನ್ನು ನಿಲ್ಲಿಸುತ್ತದೆ. ಪ್ಯಾನೆಲ್ ತನ್ನ ಮೆಮೊರಿಯಲ್ಲಿರುವ ಕೊನೆಯ ಚಿತ್ರವನ್ನೇ ತೋರಿಸುತ್ತಿರುತ್ತದೆ. ಈ ಸ್ಥಿತಿಗೆ ಹೋಗುವಾಗಲೋ ಬರುವಾಗಲೋ ಎರಡರ ತಾಳ ತಪ್ಪಿದರೆ ಮಿನುಗು ಶುರು.

ಪರೀಕ್ಷಿಸುವುದು ಸುಲಭ. ಗ್ರಬ್ (ಲ್ಯಾಪ್‌ಟಾಪ್ ಆನ್ ಮಾಡಿದಾಗ ಓಎಸ್ ಶುರುಮಾಡುವ ಪ್ರೋಗ್ರಾಂ) ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು ಐ915.ಎನೇಬಲ್_ಪಿಎಸ್‌ಆರ್=0 ಎಂದು ಸೇರಿಸಿ (ಟೈಪ್ ಮಾಡುವುದು ಇಂಗ್ಲಿಷ್ ಸಣ್ಣಕ್ಷರದಲ್ಲೇ: i915.enable_psr=0), ಎಫ್10 ಒತ್ತಿ. ಇದು ಆ ಒಂದು ಬೂಟ್‌ಗೆ ಮಾತ್ರ, ರೀಸ್ಟಾರ್ಟ್ ಮಾಡಿದರೆ ಮೊದಲಿನಂತೆ. ಒಂದು ಗಂಟೆ ಸರಿ ಇತ್ತು ಅಂತ ಗೆದ್ದೆವು ಅಂದುಕೊಳ್ಳಬೇಡಿ. ಬಂದು ಹೋಗುವ ತೊಂದರೆ ತಾನಾಗಿಯೂ ಅಷ್ಟು ಹೊತ್ತು ಸುಮ್ಮನಿರಬಹುದು. ಕೆಲವು ದಿನ ಹೀಗೇ ಬೂಟ್ ಮಾಡಿ ನೋಡಿ, ಈ ನಡುವೆ ಬೇರೇನನ್ನೂ ಮುಟ್ಟಬೇಡಿ. ಸರಿಹೋದರೆ ಇದನ್ನೇ ಗ್ರಬ್‌ನ ಡೀಫಾಲ್ಟ್ ಫೈಲಿಗೆ (/etc/default/grub) ಕಾಯಂ ಆಗಿ ಹಾಕಿ ಅಪ್‌ಡೇಟ್-ಗ್ರಬ್ ಓಡಿಸಿ. ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾಗಬಹುದು, ಅಷ್ಟೇ.

ಹೋಗಲಿಲ್ಲವೇ? ಗೆರೆ ಬಂದಾಗ ಸ್ಕ್ರೀನ್‌ಶಾಟ್ ತೆಗೆಯಿರಿ, ಫೋನಿನಲ್ಲೂ ವಿಡಿಯೋ ಮಾಡಿ. ಸ್ಕ್ರೀನ್‌ಶಾಟ್‌ನಲ್ಲೂ ಗೆರೆ ಇದ್ದರೆ ಕೇಬಲ್, ಪ್ಯಾನೆಲ್ ತಪ್ಪಿಲ್ಲ. ಮೆಸಾ (ಚಿತ್ರ ಬಿಡಿಸುವ ಗ್ರಾಫಿಕ್ಸ್ ಸಾಫ್ಟ್‌ವೇರ್), ಕಂಪೋಸಿಟರ್ (ವಿಂಡೋಗಳನ್ನು ಸೇರಿಸಿ ಪರದೆಯ ಚಿತ್ರ ಮಾಡುವ ಸಾಫ್ಟ್‌ವೇರ್) ಕಡೆ ನೋಡಬೇಕು. ಫೋನಿನಲ್ಲಿ ಮಾತ್ರ ಕಂಡರೆ ಅಷ್ಟು ಖಚಿತವಾಗಿ ಹೇಳಲಾಗದು, ಏಕೆಂದರೆ ಸ್ಕ್ರೀನ್‌ಶಾಟ್ ತೆಗೆಯುವಾಗ ಪರದೆ ಹೊಸದಾಗಿ ಮೂಡುತ್ತದೆ. ಅದಕ್ಕೇ ಪದೇ ಪದೇ ತೆಗೆಯಬೇಕು. ಬಯಾಸ್ (ಓಎಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್) ಪರದೆಯೂ ಮಿನುಗುತ್ತಿದ್ದರೆ, ಅಥವಾ ಮುಚ್ಚಳ ಹಿಂದೆ ಮುಂದೆ ಮಾಡಿದಾಗ ಗೆರೆ ಬಂದು ಹೋಗುತ್ತಿದ್ದರೆ ಲಿನಕ್ಸ್ ಅನ್ನು ಬೈಯುವುದು ಬಿಡಿ, ಅದು ಬಹುತೇಕ ಹಿಂಜ್ (ಮುಚ್ಚಳದ ಕೀಲು) ಹತ್ತಿರದ ಡಿಸ್‌ಪ್ಲೇ ಕೇಬಲ್ ಅಥವಾ ಪ್ಯಾನೆಲ್.

ಇದು ಶುರುವಾಗಿದ್ದು ಯಾವುದಾದರೂ ಅಪ್‌ಡೇಟ್ ಆದ ಮೇಲೆಯೇ ಆಗಿದ್ದರೆ, ಗ್ರಬ್‌ನ 'ಅಡ್ವಾನ್ಸ್‌ಡ್ ಆಪ್ಷನ್ಸ್' ಒಳಗೆ ಹಳೆಯ ಕರ್ನಲ್ ಸಾಮಾನ್ಯವಾಗಿ ಉಳಿದಿರುತ್ತದೆ. ಅದರಿಂದಲೂ ಒಮ್ಮೆ ಬೂಟ್ ಮಾಡಿ ನೋಡಿ.