ತೆರಿಗೆ ಇಲಾಖೆಗೆ ನಾವೂ ಸಲಹೆ ಕೊಡಬಹುದೇ? – ಸಂಪಾದಕರ ಉತ್ತರ

ಪ್ರಶ್ನೆ: ಅಮೆರಿಕದಲ್ಲಿ ತೆರಿಗೆ ಇಲಾಖೆಯ ಸೇವೆ ಸುಧಾರಿಸಲು ಸಾಮಾನ್ಯ ನಾಗರಿಕರೇ ಸಮಿತಿಯಲ್ಲಿ ಕೂತು ಸಲಹೆ ಕೊಡುತ್ತಾರಂತೆ. ಇಲ್ಲಿ ನಾವು ಏಳೆಂಟು ಮಂದಿ ನಿವೃತ್ತ ಮೇಷ್ಟರು, ಬ್ಯಾಂಕ್ ನೌಕರರು ಇದ್ದೇವೆ. ಜುಲೈ ಬಂತೆಂದರೆ ಪರಿಚಯದವರೆಲ್ಲ ನೋಟಿಸ್ ಹಿಡಿದುಕೊಂಡು ಮನೆಗೆ ಬರುತ್ತಾರೆ. ನಾವೂ ಅಂಥದ್ದೊಂದು ಗುಂಪು ಕಟ್ಟಬಹುದೇ? ನಮ್ಮ ಮಾತನ್ನು ಕೇಳುವವರು ಯಾರು?
– ಓದುಗರೊಬ್ಬರು, ಹಾಸನ

ಉತ್ತರ: ಕಟ್ಟಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಅಮೆರಿಕದ ಆ ಸಮಿತಿಯಿಂದ ಏನನ್ನು ಕಲಿಯಬೇಕು ಎಂಬುದನ್ನು ಮೊದಲು ನೋಡೋಣ.

ನೀವು ಹೇಳುತ್ತಿರುವುದು 2002ರಲ್ಲಿ ಶುರುವಾದ ಟ್ಯಾಕ್ಸ್‌ಪೇಯರ್ ಅಡ್ವೊಕಸಿ ಪ್ಯಾನೆಲ್. ಗರಿಷ್ಠ 75 ಮಂದಿ, ಮೂರು ವರ್ಷದ ಅವಧಿ, ಸಂಬಳವಿಲ್ಲ, ಪ್ರಯಾಣದ ಖರ್ಚು ಮಾತ್ರ. ವರ್ಷಕ್ಕೆ 200ರಿಂದ 300 ಗಂಟೆ ದುಡಿಯಬೇಕು, ಸ್ವಂತ ತೆರಿಗೆ ಬಾಕಿ ಇರಕೂಡದು, ಪೊಲೀಸ್ ತಪಾಸಣೆಯೂ ಉಂಟು. ಒಂದು ಉಪಸಮಿತಿ ಇಲಾಖೆಯ ನೋಟಿಸುಗಳನ್ನು ಓದಿದರೆ ಇನ್ನೊಂದು ನಮೂನೆಗಳನ್ನು, ಮತ್ತೊಂದು ಉಚಿತ ದೂರವಾಣಿಯನ್ನು ನೋಡಿಕೊಳ್ಳುವ ಏರ್ಪಾಡು. ಇದೆಲ್ಲಕ್ಕಿಂತ ಮುಖ್ಯವಾದ ಕಟ್ಟಳೆ ಬೇರೆ ಇದೆ: ಯಾರೊಬ್ಬರ ಸ್ವಂತ ಕೇಸನ್ನೂ ಸಮಿತಿ ಕೈಗೆತ್ತಿಕೊಳ್ಳುವಂತಿಲ್ಲ. ಅದನ್ನು ನೋಡಲು ಅಲ್ಲಿ ಬೇರೆ ಕಚೇರಿಯೇ ಇದೆ. ಒಂದೇ ಜಾಗದಲ್ಲಿ ಹತ್ತಾರು ಜನ ಎಡವುತ್ತಿದ್ದರೆ ಮಾತ್ರ ಅದು ಸಮಿತಿಯ ಕೆಲಸ.

ನಮ್ಮಲ್ಲಿ ಸ್ವಂತ ದೂರು, ಸಲಹೆ ಎರಡನ್ನೂ ಕಲಸಿಬಿಡುತ್ತೇವೆ, ಎರಡೂ ಕೆಡುತ್ತವೆ. ಕೇಂದ್ರದ ಕುಂದುಕೊರತೆ ಪೋರ್ಟಲ್ ಸಿಪಿಗ್ರಾಮ್ಸ್ ಇದೆಯಲ್ಲ, ಅದರಲ್ಲಿ ‘ದಯವಿಟ್ಟು ನೋಟಿಸಿನ ಭಾಷೆ ಸರಳಗೊಳಿಸಿ’ ಎಂದು ಬರೆದರೆ ಅರ್ಜಿ ಅಲ್ಲಿಗೇ ಮುಗಿಯಿತು. ಸಲಹೆಗಳು ಆ ಪೋರ್ಟಲ್ಲಿನ ವ್ಯಾಪ್ತಿಗೆ ಬರುವುದಿಲ್ಲ. ಒಬ್ಬರ ರೀಫಂಡ್ ನಿಂತಿದ್ದರೆ ಹಾಕಿ. 2024ರ ಆಗಸ್ಟ್‌ನಿಂದ 21 ದಿನದೊಳಗೆ ಇತ್ಯರ್ಥವಾಗಬೇಕೆಂಬ ಸೂಚನೆ ಇದೆ, ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ತೆರಿಗೆದಾರರ ದೂರು ವಿಚಾರಿಸಲು ಆದಾಯ ತೆರಿಗೆ ಒಂಬುಡ್ಸ್‌ಮನ್ ಎಂಬ ಹುದ್ದೆಯೊಂದಿತ್ತು, 2019ರಲ್ಲಿ ಅದನ್ನು ತೆಗೆದುಹಾಕಿದರು. ಆಮೇಲೆ ಉಳಿದದ್ದು ಮುಖ್ಯವಾಗಿ ಈ ಆನ್‌ಲೈನ್ ದಾರಿಗಳೇ.

ಹಾಗಾಗಿ ಎರಡು ಪುಸ್ತಕ ಇಡಿ. ಒಂದು, ಬಂದವರ ದಿನನಿತ್ಯದ ಕೆಲಸಕ್ಕೆ; ಇನ್ನೊಂದು, ಸಲಹೆಗೆ. ಎರಡನೆಯದರಲ್ಲಿ ಹೆಸರು, ಪ್ಯಾನ್ ನಂಬರ್ ಬರೆಯಲೇ ಬೇಡಿ. ತಾರೀಖು, ಯಾವ ವರ್ಷದ ಆದಾಯ, ಎಲ್ಲಿ ಎಡವಿದರು, ಪರದೆಯ ಮೇಲೆ ಅಥವಾ ಕಾಗದದಲ್ಲಿ ಇದ್ದ ಸಾಲು ಅಕ್ಷರಶಃ ಏನು, ಇಷ್ಟು ಸಾಕು. ವರ್ಷ ಬರೆಯುವುದು ಏಕೆಂದರೆ 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಂ ಸಂಖ್ಯೆಗಳೆಲ್ಲ ಬದಲಾಗಿವೆ, ಅದಕ್ಕೆ ಹಿಂದಿನ ಆದಾಯಕ್ಕೆ ಹಳೆಯ 1961ರ ಕಾಯ್ದೆಯೇ ಅನ್ವಯ. ಮುಂದೆ ಕೆಲವು ಕಾಲ ಜನರ ಕೈಯಲ್ಲಿ ಎರಡೂ ಬಗೆಯ ಕಾಗದ ಇರುತ್ತವೆ.

ನಮ್ಮ ಕಡೆ ಆ ಪುಸ್ತಕ ಯಾವುದರಿಂದ ತುಂಬುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಮೊದಲನೆಯದು ಇನಿಷಿಯಲ್. ಪಾಸ್‌ಬುಕ್ಕಿನಲ್ಲಿ ‘ಎಚ್.ಎಸ್. ರಮೇಶ್’, ಪ್ಯಾನ್ ಕಾರ್ಡಿನಲ್ಲಿ ಊರು, ತಂದೆಯ ಹೆಸರು ಎಲ್ಲ ಬಿಡಿಸಿ ಬರೆದ ‘ರಮೇಶ್ ಹಾಸನ ಶ್ರೀನಿವಾಸ’. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಬ್ಯಾಂಕಿನಲ್ಲಿ ನಾವು ಬೇರೆ ಏನನ್ನೂ ಬರೆದವರಲ್ಲ. ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್ಲಿನಲ್ಲಿ ಖಾತೆ ವ್ಯಾಲಿಡೇಟ್ ಮಾಡುವಾಗ, ಅಂದರೆ ಅದು ನಿಮ್ಮದೇ ಎಂದು ದೃಢಪಡಿಸುವಾಗ, ಈ ಎರಡು ಹೆಸರು ತಾಳೆಯಾಗದೆ ಅರ್ಜಿ ಬಿದ್ದುಹೋಗುತ್ತದೆ, ರೀಫಂಡ್ ನಿಲ್ಲುತ್ತದೆ. ಬ್ಯಾಂಕಿಗೆ ಕೆವೈಸಿ ಕೊಟ್ಟು ಹೆಸರನ್ನು ಪ್ಯಾನ್‌ನಲ್ಲಿದ್ದಂತೆ ಮಾಡಿಸಿ ಮತ್ತೆ ವ್ಯಾಲಿಡೇಟ್ ಮಾಡಿದರೆ ಸರಿಹೋಗುತ್ತದೆ.

ಎರಡನೆಯದು ವಿಲೀನವಾದ ಬ್ಯಾಂಕುಗಳ ಹಳೆಯ ಐಎಫ್‌ಎಸ್‌ಸಿ, ಅಂದರೆ ಶಾಖೆಯ ಗುರುತಿನ ಕೋಡ್. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಆಯಿತು, ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು, 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್‌ನೊಳಗೆ ಹೋದವು. ಹಾಸನ–ಸಕಲೇಶಪುರ–ಚಿಕ್ಕಮಗಳೂರು ಕಡೆಯ ಅರ್ಧ ಜನರ ಉಳಿತಾಯ ಈ ನಾಲ್ಕರಲ್ಲೇ ಇತ್ತು ಎಂದರೆ ತೀರಾ ಉತ್ಪ್ರೇಕ್ಷೆಯಲ್ಲ. ಪ್ರೊಫೈಲಿನಲ್ಲಿ ಹಳೆಯ ಕೋಡೇ ಉಳಿದಿದ್ದರೆ ಹೊಸದನ್ನು ಹಾಕಿ ವ್ಯಾಲಿಡೇಟ್ ಮಾಡಿಸಿ, ಆಮೇಲೆ ‘ರೀಫಂಡ್ ರೀಇಶ್ಯೂ’ ಕೋರಿಕೆ ಸಲ್ಲಿಸಬೇಕು. ಖಾತೆ ಸರಿಮಾಡಿ ಸುಮ್ಮನೆ ಕೂತರೆ ಹಣ ತಾನಾಗಿ ಬರುವುದಿಲ್ಲ. ಬಹಳ ಮಂದಿ ಇಲ್ಲೇ ಕಾಯುತ್ತಾ ಕೂರುತ್ತಾರೆ.

ಮೂರನೆಯದು ನಿಮ್ಮಂಥ ಮೇಷ್ಟರಿಗೇ ಹತ್ತಿರದ್ದು: ಅರಿಯರ್ಸ್. ಹಿಂದಿನ ವರ್ಷಗಳ ಬಾಕಿ ವೇತನ ಒಂದೇ ಸಲ ಬಂದಾಗ ಹಳೆಯ ಕಾಯ್ದೆಯ ಕಲಂ 89ರ ತೆರಿಗೆ ಪರಿಹಾರ ಕೇಳುತ್ತೀರಿ. ಅದಕ್ಕೆ ನಮೂನೆ 10ಇಯನ್ನು ರಿಟರ್ನ್ಸ್‌ಗೆ ಮೊದಲೇ ಆನ್‌ಲೈನ್‌ನಲ್ಲಿ ಸಲ್ಲಿಸಿರಬೇಕು. ಅದನ್ನು ಬಿಟ್ಟರೆ ರಿಟರ್ನ್ಸ್ ಪರಿಶೀಲಿಸುವ ಬೆಂಗಳೂರಿನ ಕೇಂದ್ರ ಸಿಪಿಸಿಯಿಂದ 143(1) ಸೂಚನಾಪತ್ರ ಬರುತ್ತದೆ, ಕೊನೆಯಲ್ಲಿ ಕಟ್ಟಬೇಕಾದ ಮೊತ್ತ ಇರುತ್ತದೆ, ನೋಡಿದವರ ಎದೆ ಧಸಕ್ಕೆನ್ನುತ್ತದೆ. ಈ ಪತ್ರವನ್ನು ಕೆಳಗಿನಿಂದ ಓದಬೇಡಿ. ಅದರಲ್ಲಿ ಎರಡು ಕಾಲಂ ಇರುತ್ತವೆ, ಎಡಕ್ಕೆ ನೀವು ಕೊಟ್ಟ ಅಂಕಿ, ಬಲಕ್ಕೆ ಇಲಾಖೆ ಲೆಕ್ಕ ಹಾಕಿದ್ದು. ಮೇಲಿನಿಂದ ಬೆರಳಿಟ್ಟು ಇಳಿಯುತ್ತಾ ಬನ್ನಿ. ಎರಡೂ ಮೊದಲ ಸಲ ಬೇರೆಯಾಗುವ ಸಾಲೇ ಕಾಯಿಲೆ ಇರುವ ಜಾಗ. ಅದು ಕಲಂ 89ರ ಸಾಲಾಗಿದ್ದರೆ ಕಾರಣ 10ಇ. ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಸಾಲಾಗಿದ್ದರೆ, ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿಯಾದ 26ಎಎಸ್ ತೆಗೆದು ನೋಡಿ. ಅಲ್ಲಿ ಹಣ ಕಾಣದಿದ್ದರೆ ತೆರಿಗೆ ಕಚೇರಿಗೆ ಅಲೆದು ಫಲವಿಲ್ಲ, ಹಣ ಹಿಡಿದ ಬ್ಯಾಂಕ್ ಅಥವಾ ವೇತನ ಬಟವಾಡೆ ಮಾಡುವ ಕಚೇರಿಯೇ ತನ್ನ ಟಿಡಿಎಸ್ ವಿವರ ತಿದ್ದಿ ಮತ್ತೆ ಸಲ್ಲಿಸಬೇಕು.

ಸಲಹೆಯನ್ನು ಬರೆಯುವಾಗಲೂ ಇದೇ ಲೆಕ್ಕ: ತಿದ್ದುವ ಅಧಿಕಾರ ಯಾರಿಗಿದೆ? 10ಇ ವಿಷಯವನ್ನು ದೆಹಲಿಗೆ ಬರೆಯುವುದಕ್ಕಿಂತ, ಅರಿಯರ್ಸ್ ಬಿಲ್ಲಿನ ಜೊತೆಗೆ ಎರಡು ಸಾಲಿನ ಕನ್ನಡ ಸೂಚನೆ ಕೊಡಿ ಎಂದು ಬಟವಾಡೆ ಅಧಿಕಾರಿಯನ್ನು ಕೇಳಿದರೆ ಬೇಗ ಆಗುತ್ತದೆ. ಆ ಎರಡು ಸಾಲನ್ನೂ ನೀವೇ ಬರೆದುಕೊಂಡು ಹೋಗಿ. ‘ಸರಳಗೊಳಿಸಿ’ ಎಂದು ಕೇಳುವವರು ಸಾವಿರ ಮಂದಿ. ಇರುವ ವಾಕ್ಯ ಇದು, ಇಷ್ಟು ಜನ ಇದನ್ನು ಹೀಗೆ ತಪ್ಪು ತಿಳಿದರು, ಬದಲಿಗೆ ಈ ವಾಕ್ಯ ಹಾಕಿ ಎಂದು ಒಂದೇ ಪುಟದಲ್ಲಿ ಕೊಡುವವರು ಕಡಿಮೆ. ಒಂದು ಪತ್ರಕ್ಕೆ ಒಂದೇ ವಿಷಯ. ಐದು ವಿಷಯ ತುರುಕಿದರೆ ಐದು ಟೇಬಲ್ ಸುತ್ತಿ ಎಲ್ಲೂ ನಿಲ್ಲುವುದಿಲ್ಲ.

ಕೇಳುವವರು ಯಾರು ಎಂದಿರಿ. ಹೊಸ ಕಾಯ್ದೆಗೆ ಮುನ್ನ 2024ರ ಅಕ್ಟೋಬರಿನಲ್ಲಿ ಇಲಾಖೆ ಸಾರ್ವಜನಿಕರ ಸಲಹೆ ಕೇಳಿತ್ತು, 20,976 ಬಂದವು. 2025ರ ಮಾರ್ಚ್‌ನಲ್ಲಿ ನಿಯಮ ಮತ್ತು ನಮೂನೆಗಳ ಬಗ್ಗೆಯೂ ಇ-ಫೈಲಿಂಗ್ ಪೋರ್ಟಲ್ಲಿನಲ್ಲಿ ಕೇಳಿದರು: ಹೆಸರು, ಮೊಬೈಲ್‌ಗೆ ಒಟಿಪಿ, ಯಾವ ನಿಯಮ, ಯಾವ ನಮೂನೆ ಎಂದು ನಮೂದಿಸಬೇಕಿತ್ತು. ಇಂಥ ಬಾಗಿಲು ಕೆಲವೇ ವಾರ ತೆರೆದಿರುತ್ತದೆ. ನಿಮ್ಮ ಎರಡನೇ ಪುಸ್ತಕ ಸಿದ್ಧವಿದ್ದರೆ ಆಗ ಕೈಗೆ ಬರುತ್ತದೆ. ಉಳಿದ ದಿನಗಳಲ್ಲಿ ಹಾಸನದ ಆದಾಯ ತೆರಿಗೆ ಅಧಿಕಾರಿಗೆ, ಒಂದು ಪ್ರತಿ ಬೆಂಗಳೂರಿನ ಪ್ರಧಾನ ಮುಖ್ಯ ಆಯುಕ್ತರಿಗೆ ಎಂದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. 2020ರ ತೆರಿಗೆದಾರರ ಸನ್ನದಿನಲ್ಲಿ ಇಲಾಖೆ ಕೊಟ್ಟ 14 ಭರವಸೆಗಳಿವೆ, ನಿಮ್ಮ ವಿಷಯ ಯಾವುದಕ್ಕೆ ತಾಗುತ್ತದೋ ಅದನ್ನು ಪತ್ರದ ಮೊದಲ ಸಾಲಿನಲ್ಲೇ ಹೇಳಿ.

ಇನ್ನು ಮಾಡಬಾರದ್ದು. ಯಾರ ಪಾಸ್‌ವರ್ಡನ್ನೂ ಬರೆದಿಟ್ಟುಕೊಳ್ಳಬೇಡಿ, ಒಟಿಪಿಯನ್ನು ಅವರೇ ಒತ್ತಲಿ. ಕಾಗದದ ಜೆರಾಕ್ಸ್ ಇಟ್ಟುಕೊಳ್ಳಬೇಡಿ. ‘ತೆರಿಗೆ ಇಲಾಖೆ ಸ್ವಯಂಸೇವಕರು’ ಎಂದು ಬೋರ್ಡ್ ಹಾಕಬೇಡಿ, ನೀವು ಇಲಾಖೆಯವರಲ್ಲ. ನೋಟಿಸ್ ಬಂದಿದೆ ಎಂದು ಯಾರಾದರೂ ಮೊಬೈಲ್ ತೋರಿಸಿದರೆ ಮೊದಲು ಅದರಲ್ಲಿ ಡಿಐಎನ್, ಅಂದರೆ ಇಲಾಖೆ ಪ್ರತಿ ಪತ್ರಕ್ಕೂ ಕೊಡುವ ಗುರುತಿನ ಸಂಖ್ಯೆ, ಇದೆಯೇ ನೋಡಿ. 2019ರ ಅಕ್ಟೋಬರ್ 1ರ ನಂತರದ ಪತ್ರಗಳಿಗೆ ಅದು ಇರಬೇಕು, ಲಾಗಿನ್ ಇಲ್ಲದೆಯೇ ಪೋರ್ಟಲ್ಲಿನಲ್ಲಿ ಅಸಲಿಯೋ ನಕಲಿಯೋ ಪರೀಕ್ಷಿಸಬಹುದು.

ಕಾಫಿ ಬೆಳೆಗಾರರ ರಿಟರ್ನ್ಸ್‌ಗೆ ಕೈ ಹಾಕಬೇಡಿ. ಹಣ್ಣನ್ನೋ ಒಣಗಿಸಿದ ಚೆರ್ರಿಯನ್ನೋ ಮಾರಿದರೆ ಕೃಷಿ ಆದಾಯ. ತಾವೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದಮಾಡುವುದು) ಮಾಡಿಸಿ ಮಾರಿದರೆ ಹಳೆಯ ನಿಯಮ 7ಬಿ ಪ್ರಕಾರ ಶೇ. 25 ವ್ಯಾಪಾರದ ಆದಾಯ, ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಈ ಗೆರೆ ಎಲ್ಲಿ ದಾಟಿತು ಎಂಬುದು ಬಿಲ್ಲು ನೋಡಿ ತೀರ್ಮಾನಿಸುವ ಮಾತು. ಅಂಥವರನ್ನು ಲೆಕ್ಕಪರಿಶೋಧಕರ ಬಳಿ ಕಳಿಸಿ. ರಿಟರ್ನ್ಸ್ ಸಲ್ಲಿಸಿದ ಯಾರೇ ಬಂದರೂ ಹೋಗುವ ಮುನ್ನ ಇ-ವೆರಿಫೈ (ಆನ್‌ಲೈನ್ ದೃಢೀಕರಣ) ಆಯಿತೇ ಎಂದು ಕೇಳಿ. ಗಡುವು 30 ದಿನ. ಒಟಿಪಿ ಬರುವ ಮೊಬೈಲ್ ನಂಬರ್ ಆಧಾರ್‌ಗೆ ಸೇರಿರದಿದ್ದರೆ ಸಹಿ ಮಾಡಿದ ಐಟಿಆರ್-ವಿಯನ್ನು (ರಿಟರ್ನ್ಸ್ ಸ್ವೀಕೃತಿ ಪತ್ರ) ಅದೇ ಅವಧಿಯೊಳಗೆ ಸ್ಪೀಡ್ ಪೋಸ್ಟ್‌ನಲ್ಲಿ ಬೆಂಗಳೂರು 560500ರ ಸಿಪಿಸಿಗೆ ಕಳಿಸಿದರೂ ಆಗುತ್ತದೆ.