ಸಿದ್ದಿಗಳ ಸಮಾನತೆಗೆ ಸಂಸ್ಥೆಗಳು ಕೈಜೋಡಿಸಿದರೆ ನಿಜಕ್ಕೂ ಏನಾದರೂ ಆಗುತ್ತಾ?

ನೀವು ಕೇಳಿದ್ದು ಇಷ್ಟು: ಆಫ್ರಿಕನ್ ಮೂಲದ ಜನರಿಗಾಗಿ ವಿಶ್ವಸಂಸ್ಥೆ ಎರಡನೇ ದಶಕ ಘೋಷಿಸಿದೆ, ಅದರಿಂದ ನಮ್ಮ ಸಿದ್ದಿಗಳಿಗೆ ಉಪಯೋಗ ಇದೆಯಾ, ಸಂಸ್ಥೆಗಳು ಸೇರಿ ಕೆಲಸ ಮಾಡಿದರೆ ಏನಾದರೂ ಬದಲಾಗುತ್ತಾ, ನಿಮ್ಮ ಆಫೀಸಿನವರು ಸಹಾಯ ಮಾಡಬೇಕೆಂದಿದ್ದೀರಿ, ಎಲ್ಲಿಂದ ಶುರು ಮಾಡೋದು.

ಬದಲಾಗುತ್ತೆ. ನಾನು ಯಲ್ಲಾಪುರ ಕಡೆಯವನು, ಸಿದ್ದಿ ಅಲ್ಲ. ಅರಣ್ಯ ಹಕ್ಕಿನ ಅರ್ಜಿ ತುಂಬಿಸಿಕೊಡುವ ಒಂದು ಸಣ್ಣ ಗುಂಪಿನ ಜೊತೆ ಸಿದ್ದಿ ಕೇರಿಗಳಲ್ಲಿ ಓಡಾಡಿದ್ದೇನೆ. ಅಲ್ಲಿ ಕಂಡದ್ದನ್ನು ಇಟ್ಟುಕೊಂಡು ಹೇಳ್ತೀನಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಪೂರ್ವ ಆಫ್ರಿಕಾದಿಂದ ಅರಬರು, ಪೋರ್ಚುಗೀಸರು ಗುಲಾಮರಾಗಿ ತಂದ ಜನರ ಮಕ್ಕಳು-ಮೊಮ್ಮಕ್ಕಳೇ ಸಿದ್ದಿಗಳು. ಗೋವಾದಿಂದ ತಪ್ಪಿಸಿಕೊಂಡು ಬಂದವರು ಘಟ್ಟದ ಕಾಡಲ್ಲಿ ನೆಲೆ ನಿಂತರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಆ ಕಡೆ ಕಲಘಟಗಿ, ಖಾನಾಪುರದಲ್ಲೂ ಇದ್ದಾರೆ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಧರ್ಮದವರಿದ್ದಾರೆ, ಮನೆಯಲ್ಲಿ ಕೊಂಕಣಿ ಹೋಲುವ ಮಾತು, ಹೊರಗೆ ಕನ್ನಡ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಹತ್ತು ಸಾವಿರಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಆಗ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಉತ್ತರ ಕನ್ನಡದ ಸಿದ್ದಿಗಳು ಮಾತ್ರ ಇದ್ದರು, ಹಾಗಾಗಿ ಇದು ಪೂರ್ತಿ ಲೆಕ್ಕ ಅಲ್ಲ. ಇದೇ ದಖ್ಖನ್ ನೆಲದಲ್ಲಿ ಮಲಿಕ್ ಅಂಬರ್ ಅಹಮದ್‌ನಗರದ ಆಡಳಿತ ನಡೆಸಿದ, ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಮಂತ್ರಿಯಾಗಿದ್ದ. ಇಬ್ಬರೂ ಆಫ್ರಿಕನ್ ಮೂಲದವರು. ಹಾಗಿದ್ದೂ ಇವತ್ತಿಗೂ ನಮ್ಮೂರಿನ ಸಿದ್ದಿ ಹುಡುಗ ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳಿದರೆ ಮಾಲೀಕರು ಮೊದಲು ಕೇಳೋದು ಪಾಸ್‌ಪೋರ್ಟ್, ವೀಸಾ. ಅವನು ಅಚ್ಚ ಕನ್ನಡದಲ್ಲಿ 'ಸರ್, ನಾನು ಯಲ್ಲಾಪುರದವನು' ಅಂದರೂ ನಂಬಲ್ಲ.

ಈಗ ವಿಶ್ವಸಂಸ್ಥೆ ವಿಷಯ. ಮೊದಲ ದಶಕ 2015ರಿಂದ 2024, ಎರಡನೆಯದು 2025ರಿಂದ 2034. ಮಾನ್ಯತೆ, ನ್ಯಾಯ, ಅಭಿವೃದ್ಧಿ ಅನ್ನೋದು ಅದರ ಘೋಷವಾಕ್ಯ. ಅಲ್ಲಿಂದ ಇಲ್ಲಿಯ ಕೇರಿಗೆ ನೇರವಾಗಿ ದುಡ್ಡು ಬಂದದ್ದನ್ನು ನಾನಂತೂ ಕಂಡಿಲ್ಲ. ಆದರೆ ಅದು ವ್ಯರ್ಥ ಅಂತಲೂ ಹೇಳಲ್ಲ. ಆಫ್ರಿಕನ್ ಮೂಲದವರು ಅಂದ ತಕ್ಷಣ ಜಗತ್ತಿನ ಕಣ್ಣು ಹೋಗೋದು ಅಮೆರಿಕ, ಬ್ರೆಜಿಲ್ ಕಡೆಗೆ. ಹಿಂದೂ ಮಹಾಸಾಗರದ ಈ ದಡದಲ್ಲೂ ಇದ್ದಾರೆ ಅನ್ನೋದು ನೆನಪಾಗಲು ಇಂಥದ್ದೊಂದು ಬೇಕು.

ನಿಜವಾದ ಬದಲಾವಣೆ ಬಂದದ್ದು ಕಾಗದದಿಂದ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಅದು ಒಬ್ಬರಿಂದ ಆದ ಕೆಲಸ ಅಲ್ಲ. ಸಿದ್ದಿಗಳದೇ ಸಂಘಟನೆಗಳು, ಚರ್ಚಿನ ಸಂಸ್ಥೆಗಳು, ಆರ್‌ಎಸ್‌ಎಸ್ ಬಳಗದ ವನವಾಸಿ ಕಲ್ಯಾಣದವರು, ಊರೂರು ತಿರುಗಿ ಬರೆದಿಟ್ಟ ಸಂಶೋಧಕರು, ಹೀಗೆ ಒಬ್ಬರ ಮುಖ ಒಬ್ಬರು ನೋಡದವರೂ ಈ ಒಂದು ವಿಷಯದಲ್ಲಿ ಒಂದೇ ಬೇಡಿಕೆ ಇಟ್ಟರು. ಆದರೆ ಆದೇಶದಲ್ಲಿ ಇದ್ದದ್ದು 'ಉತ್ತರ ಕನ್ನಡ ಜಿಲ್ಲೆಯಲ್ಲಿ' ಅಂತ ಮಾತ್ರ. ಜಿಲ್ಲೆಯ ಗಡಿ ದಾಟಿ ಕಲಘಟಗಿಗೆ ಕೊಟ್ಟ ಮಗಳ ಮಕ್ಕಳು ಪಂಗಡದವರಲ್ಲ, ಇಲ್ಲೇ ಇರೋ ಮಗನ ಮಕ್ಕಳು ಪಂಗಡದವರು! ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳು ಪಟ್ಟಿಗೆ ಸೇರಿದ್ದು 2020ರಲ್ಲಿ. ಹದಿನೇಳು ವರ್ಷ ಅಂದರೆ ಒಂದು ಮಗು ಹುಟ್ಟಿ ಪಿಯುಸಿ ಮುಟ್ಟುವಷ್ಟು ಕಾಲ.

ಈ ಪಟ್ಟಿ ಯಾಕೆ ಅಷ್ಟು ಮುಖ್ಯ? ವಿದ್ಯಾರ್ಥಿವೇತನ, ಮೀಸಲಾತಿ ಇದ್ದೇ ಇದೆ. ಅದಕ್ಕಿಂತ ದೊಡ್ಡದು ಭೂಮಿ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೂ ಮುಂಚಿನಿಂದ ಆ ಜಾಗದಲ್ಲಿ ಇದ್ದೀರಿ ಅಂತ ತೋರಿಸಿದರೆ ಸಾಕು. ಪಂಗಡದವರಲ್ಲದಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಲ್ಲೇ ಇದ್ದೆವು ಅಂತ ಸಾಬೀತು ಮಾಡಬೇಕು. ಅಡಿಕೆ ತೋಟದಲ್ಲಿ ಕೂಲಿ ಮಾಡಿಕೊಂಡು, ತೋಟದೊಡೆಯರ ಬೆಟ್ಟದ ಅಂಚಲ್ಲಿ ಗುಡಿಸಲು ಹಾಕಿಕೊಂಡು ಬದುಕಿದವರ ಹತ್ತಿರ ಎಪ್ಪತ್ತೈದು ವರ್ಷದ ಕಾಗದ ಎಲ್ಲಿಂದ ಬರಬೇಕು ಹೇಳಿ?

ಅರ್ಜಿ ತುಂಬಿಸುವಾಗ ಒಂದು ಮನೆಯಲ್ಲಿ ಏನೂ ದಾಖಲೆ ಇಲ್ಲ ಅಂದರು. ರೇಷನ್ ಕಾರ್ಡ್ ಹೊಸದು, ಮನೆ ತೆರಿಗೆ ರಶೀದಿ ಇಲ್ಲ. ಕೊನೆಗೆ ಅಜ್ಜಿ ಒಳಗೆ ಹೋಗಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಟ್ಟ ಒಂದು ಹಳದಿ ಕಾಗದ ತಂದರು. ಕೊಡೋಕೇ ಅವರಿಗೆ ಹೆದರಿಕೆ. ನೋಡಿದರೆ ಅವರ ಗಂಡನ ಮೇಲೆ ಹಿಂದೆ ಯಾವಾಗಲೋ ಹಾಕಿದ್ದ ಅತಿಕ್ರಮಣ ಕೇಸಿನ ದಂಡದ ರಶೀದಿ. ಊರ ಹೆಸರು, ಜಾಗ, ತಾರೀಕು ಎಲ್ಲ ಇತ್ತು. ಆ ಜಾಗದಲ್ಲಿ ಅವರು ಅಷ್ಟು ಹಿಂದಿನಿಂದ ಸಾಗುವಳಿ ಮಾಡ್ತಿದ್ದರು ಅನ್ನೋದಕ್ಕೆ ಸರ್ಕಾರವೇ ಕೊಟ್ಟ ಸಾಕ್ಷಿ ಅದು. ಅದಕ್ಕೆ ಊರಿನ ಹಿರಿಯರ ಹೇಳಿಕೆ ಸೇರಿಸಿ, ಗ್ರಾಮಸಭೆಯಲ್ಲಿ ಓದಿಸಿ, ನಕಾಶೆ ಮಾಡಿಸಿ ಕಳಿಸಿದೆವು. ಹಕ್ಕುಪತ್ರ ಬಂದರೆ ಕಾಯ್ದೆ ಪ್ರಕಾರ ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಇರುತ್ತೆ. ಇದನ್ನು ಕೇಳಿ ಅಲ್ಲಿ ಕೂತಿದ್ದ ಸೊಸೆ ಎರಡೆರಡು ಸಲ 'ನನ್ನ ಹೆಸರೂ ಇರ್ತದಾ?' ಅಂತ ಕೇಳಿದಳು.

ಈ ಕೆಲಸಕ್ಕೆ ಕಾನೂನು ಗೊತ್ತಿರುವವರು ಬೇಕು, ಜಿಪಿಎಸ್ ಹಿಡಿದು ಅಳೆಯುವವರು ಬೇಕು, ತಾಲ್ಲೂಕು ಆಫೀಸಿಗೆ ಮತ್ತೆ ಮತ್ತೆ ಹೋಗುವವರು ಬೇಕು, ಎಲ್ಲಕ್ಕಿಂತ ಮುಂಚೆ ಅಜ್ಜಿ ನಂಬಿ ಆ ಕೊಟ್ಟೆ ಬಿಚ್ಚುವಂಥ, ಅದೇ ಕೇರಿಯ ಒಬ್ಬ ಹುಡುಗಿಯೋ ಹುಡುಗನೋ ಬೇಕು. ನಾನು ಒಬ್ಬನೇ ಹೋಗಿದ್ದರೆ ಆ ರಶೀದಿ ಹೊರಗೆ ಬರ್ತಾ ಇರಲಿಲ್ಲ. ಸಂಸ್ಥೆಗಳು ಕೈಜೋಡಿಸೋದು ಅಂದರೆ ನನಗೆ ಇದೇ. ಬ್ಯಾನರ್ ಮೇಲೆ ಐದು ಲೋಗೋ ಹಾಕಿಸೋದರಿಂದ ಏನೂ ಆಗಲ್ಲ.

ಕೈಬಿಟ್ಟರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿ ಕೊಡಿಸಿತು. ಕಮಲಾ ಸಿದ್ದಿ ಅಂಥವರು ರಾಷ್ಟ್ರಮಟ್ಟಕ್ಕೆ ಹೋದರು. ಕೆಲವೇ ವರ್ಷಕ್ಕೆ ಯೋಜನೆ ನಿಂತಿತು, ಊರು ಬಿಟ್ಟು ಹೋಗಿದ್ದ ಮಕ್ಕಳಲ್ಲಿ ಎಷ್ಟೋ ಜನ ವಾಪಸ್ ಕೂಲಿಗೆ ಬಂದರು. ಈಗ ಮುಂಡಗೋಡ ಕಡೆ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಅನ್ನೋ ಸಂಸ್ಥೆ ಸಿದ್ದಿ ಮಕ್ಕಳಿಗೆ ಓಟ ಕಲಿಸ್ತಿದೆ, ಒಳ್ಳೆಯದು. ಆದರೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. 'ಆಫ್ರಿಕನ್ ರಕ್ತ, ಒಲಿಂಪಿಕ್ಸ್ ಪದಕ ಗ್ಯಾರಂಟಿ' ಅಂತ ಬರುವವರನ್ನು ಹತ್ತಿರ ಸೇರಿಸಬೇಡಿ. ಲೆಕ್ಕ ಇಷ್ಟಪಡುವ ಸಿದ್ದಿ ಹುಡುಗಿಗೆ ಲೆಕ್ಕದ ಮೇಷ್ಟ್ರು ಬೇಕು, ಓಡುವ ಬೂಟು ಅಲ್ಲ.

ಕಲೆಯ ವಿಷಯದಲ್ಲಿ ಚೆನ್ನಾಗಿ ಕೂಡಿಬಂದದ್ದು ಜಾಸ್ತಿ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನವರು 1980ರ ದಶಕದಲ್ಲೇ ಮಂಚಿಕೇರಿಯಲ್ಲಿ ಸಿದ್ದಿಗಳ ಜೊತೆ ನಾಟಕ ಮಾಡಿದರು, ಮುಂದೆ ಗಿರಿಜಾ ಸಿದ್ದಿ ಅಂಥ ಕಲಾವಿದರು ಹೆಗ್ಗೋಡಿನಲ್ಲಿ ಕಲಿತು ರಂಗಭೂಮಿ, ಸಿನಿಮಾ ಎರಡರಲ್ಲೂ ಹೆಸರು ಮಾಡಿದರು. ಇನ್ನೊಂದು ಕೌದಿ, ಅವರು ಕವಂದಿ ಅಂತಾರೆ. ಹಳೇ ಸೀರೆ ಹಾಸಿ, ಬಟ್ಟೆ ತುಂಡುಗಳನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಹೊಲಿದುಕೊಂಡು ಬರ್ತಾರೆ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ಬಟ್ಟೆ ಇಟ್ಟು ಹೊಲೀತಾರೆ, ಅದಕ್ಕೆ ಹೂ ಅಂತಾರೆ. ಹೂ ಇಲ್ಲದ ಕೌದಿ ಬೆತ್ತಲೆ ಅನ್ನೋದು ಅವರ ನಂಬಿಕೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇಲ್ಲಿನ ಹೆಂಗಸರ ಜೊತೆ ಕೂತು ಕೆಲಸ ಮಾಡಿದ ಮೇಲೆ ಹೆಂಗಸರದೇ ಸಹಕಾರಿ ಗುಂಪು ಆಯಿತು, ಕೌದಿಗಳು ಅಮೆರಿಕದ ಮ್ಯೂಸಿಯಂಗಳವರೆಗೂ ಹೋದವು.

ಅಧಿಕಾರದ ಕುರ್ಚಿಯಲ್ಲೂ ಒಬ್ಬರು ಕೂತರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ಈ ಸಮುದಾಯದಿಂದ ಶಾಸನಸಭೆಗೆ ಹೋದ ಮೊದಲಿಗರು. ಅವರ ಪಕ್ಷ ನಿಮಗೆ ಇಷ್ಟವೋ ಇಲ್ಲವೋ ಬೇರೆ ಮಾತು, ಆ ದಿನ ಕೇರಿಗಳಲ್ಲಿ ಡಮಾಮಿ ಅನ್ನೋ ತಮ್ಮ ಚರ್ಮವಾದ್ಯ ಬಡಿದು ಕುಣಿದರಲ್ಲ, ಅದರಲ್ಲಿ ಎಲ್ಲ ಪಕ್ಷದವರೂ ಇದ್ದರು.

ಈಗ ನಿಮ್ಮ ಆಫೀಸಿನ ವಿಷಯ. ಹೊಸ ಸಂಸ್ಥೆ ಕಟ್ಟೋಕೆ ಹೋಗಬೇಡಿ. ಮೊದಲು ಸಿದ್ದಿಗಳದೇ ಸಂಘದವರ ಹತ್ತಿರ ಹೋಗಿ ಏನು ಬೇಕು ಅಂತ ಕೇಳಿ, ದುಡ್ಡು ಖರ್ಚು ಮಾಡೋ ಸಮಿತಿಯಲ್ಲಿ ಕಡಿಮೆ ಅಂದರೂ ಅರ್ಧ ಜನ ಅವರೇ ಇರಲಿ, ಅದರಲ್ಲಿ ಹೆಂಗಸರು ಇರಲಿ. ನನ್ನನ್ನು ಕೇಳಿದರೆ ಎರಡು ಕೆಲಸ ತುರ್ತು. ಒಂದು, ಜಾತಿ ಪ್ರಮಾಣಪತ್ರ, ಅರಣ್ಯ ಹಕ್ಕಿನ ಮೇಲ್ಮನವಿ ನೋಡಿಕೊಳ್ಳಲು ಸಮುದಾಯದ ಇಬ್ಬರಿಗೆ ಸಂಬಳ, ಅದೂ ಕನಿಷ್ಠ ಐದು ವರ್ಷಕ್ಕೆ. ಇನ್ನೊಂದು, ಹತ್ತನೇ ಕ್ಲಾಸ್ ಮುಗಿಸಿ ಪೇಟೆಗೆ ಬರೋ ಮಕ್ಕಳಿಗೆ, ಮುಖ್ಯವಾಗಿ ಹುಡುಗಿಯರಿಗೆ, ಉಳಿಯೋಕೆ ಜಾಗ. ಬೆಂಗಳೂರು, ಹುಬ್ಬಳ್ಳಿಯಲ್ಲಿ ನಿಮ್ಮವರದೇ ಮನೆಗಳಿದ್ದರೆ ಪಾಸ್‌ಪೋರ್ಟ್ ಕೇಳದೆ ಬಾಡಿಗೆಗೆ ಕೊಡಿ, ಅದಕ್ಕೆ ಯೋಜನೆ ಏನೂ ಬೇಕಾಗಿಲ್ಲ. ಕಾಲೇಜು ಪ್ರವೇಶ ಜೂನ್ ಹೊತ್ತಿಗೆ ಶುರುವಾಗುತ್ತೆ, ಹಾಗಾಗಿ ಮಕ್ಕಳ ವಿಷಯ ಮಾತಾಡೋದಾದರೆ ಏಪ್ರಿಲ್ ಒಳಗೆ ಒಮ್ಮೆ ಯಲ್ಲಾಪುರಕ್ಕೆ ಬಂದು ಹೋಗಿ, ಮಳೆ ಹಿಡಿದ ಮೇಲೆ ಎಷ್ಟೋ ಕೇರಿಗೆ ಗಾಡಿ ಹೋಗಲ್ಲ.